ಎರಡು ಕೈ ಬೇಕಾಗುವ ತಿಂಡಿ

ನಮ್ಮ ಹೋಟೆಲಿನಲ್ಲಿ ಈಗ ಸಂಜೆಗೆ ಸುಮಾರು ಆರು ಕಿಲೋ ನೆಲಗಡಲೆ ಹೋಗುತ್ತದೆ, ಸಿಪ್ಪೆ ಸಮೇತ ಬೇಯಿಸಿದ್ದು. ಶನಿವಾರ ಏಳೆಂಟಕ್ಕೆ ಏರುವುದೂ ಉಂಟು. ಕಾಸರಗೋಡು ಜಿಲ್ಲೆಯ ಬದಿಯಡ್ಕ ದಾಟಿ ಪೆರ್ಲದ ಕಡೆ ಬರುವ ರಸ್ತೆಯಲ್ಲಿ, ಬಸ್ಸು ನಿಲ್ಲುವಲ್ಲಿಯೇ ಇರುವ ಸಣ್ಣ ಜಾಗ ನಮ್ಮದು. ಇಪ್ಪತ್ತು ಜನ ಕೂತರೆ ಇಪ್ಪತ್ತೊಂದನೆಯವನು ನಿಂತೇ ಚಾ ಕುಡಿಯಬೇಕು. "ಹೋಟೆಲಿನಲ್ಲಿ ನೆಲಗಡಲೆಯಾ? ಜಾತ್ರೆ ಗದ್ದೆಗೆ ಗಾಡಿ ತಕ್ಕೊಂಡು ಹೋಗು ಮಾರಾಯ" ಎಂದು ನಗಾಡಿದವರಲ್ಲಿ ಇಬ್ಬರು ಈಗ ತಾವೂ ಬೇಯಿಸಲು ಶುರುಮಾಡಿದ್ದಾರೆ. ಒಬ್ಬರಂತೂ ನೀರಿಗೆ ಎಂತ ಹಾಕುವುದು ಎಂದು ಕೇಳಿಸಲು ಹುಡುಗನನ್ನೇ ಕಳಿಸಿದ್ದರು. ಹಾಗಾಗಿ ಇನ್ನು ಬರೆಯಬಹುದು ಅನ್ನಿಸಿತು. ಹೋಟೆಲು ನಡೆಸಿ ಗೊತ್ತಿದ್ದವರಿಗೆ ಬರೆಯುತ್ತಿದ್ದೇನೆ. ನೆನೆಹಾಕುವುದು ಹೇಗೆ, ಕುಕ್ಕರ್ ಎಷ್ಟು ಸಲ ಕೂಗಬೇಕು ಎಂಬುದೆಲ್ಲ ಇದರಲ್ಲಿ ಇಲ್ಲ.

ನೆಲಗಡಲೆಗೆ ನಾನು ಬಂದು ಮುಟ್ಟಿದ್ದು ಮೊಬೈಲಿನ ಕಾಟದಿಂದ. ಹತ್ತು ವರ್ಷದ ಹಿಂದೆ ಸಂಜೆಯ ಚಾಕ್ಕೆ ನಮ್ಮಲ್ಲಿ ಹೋಗುತ್ತಿದ್ದದ್ದು ಗೋಳಿಬಜೆ, ಬಾಳೆಹಣ್ಣು ಕರಿದ ಪಳಂಪೊರಿ, ಬೇಳೆಯ ಚಟ್ಟಂಬಡೆ, ಕಡ್ಲೆ ಉಸ್ಲಿ. ರಾತ್ರಿ ಎರಡು ಕಿಲೋ ಕಡ್ಲೆ ನೆನೆಹಾಕಿದರೆ ಮರುದಿನ ಐದೂವರೆಗೆ ಉಸ್ಲಿಯ ಪಾತ್ರೆ ತಳ ಕಾಣುತ್ತಿತ್ತು. ಬರಬರುತ್ತಾ ಉಸ್ಲಿ ಉಳಿಯತೊಡಗಿತು. ಗಲ್ಲೆಯ ಎದುರು ತೂಗುಹಾಕಿದ ಹತ್ತು ರೂಪಾಯಿಯ ಚಿಪ್ಸ್, ಮಿಕ್ಸ್ಚರ್ ಪ್ಯಾಕೆಟ್ ಮಾಲೆ ಮಾತ್ರ ದಿನಕ್ಕೆ ಎರಡು ಸಲ ಬದಲಿಸಬೇಕಾಯಿತು. ರುಚಿ ಕೆಟ್ಟಿತೋ ಎಂದು ಒಗ್ಗರಣೆ ಬದಲಿಸಿದೆ, ತೆಂಗಿನತುರಿ ಹೆಚ್ಚಿಸಿದೆ. ಅಡಿಗೆಯವನಿಗೆ ಸುಮ್ಮನೆ ಬೈದೆ. ಉಸ್ಲಿ ಉಳಿಯುವುದು ನಿಲ್ಲಲಿಲ್ಲ.

ಪ್ಯಾಕೆಟ್ ಹೋದರೆ ನಿನಗೆಂತ ನಷ್ಟ ಎಂದು ಕೇಳುವವರು ಹೋಟೆಲು ನಡೆಸಿದವರಲ್ಲ. ಹತ್ತು ರೂಪಾಯಿಯ ಪ್ಯಾಕೆಟಿನಲ್ಲಿ ನಮಗೆ ಸಿಗುವುದು ಒಂದು ರೂಪಾಯಿ, ಹೆಚ್ಚೆಂದರೆ ಒಂದೂಕಾಲು. ದಿನಕ್ಕೆ ಎಂಬತ್ತು ಪ್ಯಾಕೆಟ್ ಹೋದರೂ ನೂರು ರೂಪಾಯಿ ಮುಟ್ಟುವುದು ಕಷ್ಟ. ಅದಕ್ಕೆ ಸರಿಯಾಗಿ ನಮ್ಮದೇ ತಿಂಡಿ ಉಳಿದು ರಾತ್ರಿ ದನದ ಬಾಲ್ದಿಗೆ ಹೋಗುತ್ತದಲ್ಲ, ಅದರ ಲೆಕ್ಕ ಬೇರೆ. 2025ರ ಸೆಪ್ಟೆಂಬರಿನಲ್ಲಿ ಮಿಕ್ಸ್ಚರ್, ಖಾರ, ಚಿಪ್ಸುಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಾಗ ನಮ್ಮ ಪಾಲಿಗೂ ನಾಲ್ಕು ಪೈಸೆ ಬಂದೀತೆಂದು ಕಾದೆ. ಪ್ಯಾಕೆಟಿನೊಳಗೆ ನಾಲ್ಕು ತುಂಡು ಹೆಚ್ಚು ಬಿದ್ದಿತೋ ಏನೋ, ನನ್ನ ಗಲ್ಲೆಗೆ ಏನೂ ಬೀಳಲಿಲ್ಲ.

ಮೊದಲು ಟಿವಿಯ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಹೋದ ದುಡ್ಡು ಹೆಚ್ಚು. 2022ರ ನವೆಂಬರಿನಲ್ಲಿ ಕತಾರಿನ ಫುಟ್‌ಬಾಲ್ ಬಂತು. ನಮ್ಮ ಜಿಲ್ಲೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಂಬ ಕಂಬಕ್ಕೂ ಮೆಸ್ಸಿ, ನೇಮಾರ್. ಮೊದಲ ಸುತ್ತಿನಲ್ಲಿ ನಮ್ಮ ಹೊತ್ತಿಗೆ ಮೂರೂವರೆಗೊಂದು, ಆರೂವರೆಗೊಂದು ಆಟ, ಅಂದರೆ ಸರಿಯಾಗಿ ಚಾದ ಹೊತ್ತು. 43 ಇಂಚಿನ ಟಿವಿ, ಗೋಡೆಗೆ ಹಿಡಿಸುವ ಕಬ್ಬಿಣ, ಕೇಬಲ್ ಎಲ್ಲ ಸೇರಿ 30,000ದ ಹತ್ತಿರ ಬಂತು. ಜನ ತುಂಬಿದರು, ಚಾ ಒಂದಕ್ಕೆರಡು ಹೋಯಿತು. ಗೋಳಿಬಜೆ ಮಾತ್ರ ಬಾಣಲೆಯಿಂದ ತೆಗೆದು ಕಪಾಟಿಗೆ ಹಾಕಿದ್ದು ಅಲ್ಲೇ ತಣಿಯಿತು.

ನವೆಂಬರ್ 22ರಂದು ಅರ್ಜೆಂಟೀನಾ ಸೌದಿ ಅರೇಬಿಯಾದ ಎದುರು ಸೋತ ದಿನ ನಾನು ಗಲ್ಲೆಯಲ್ಲಿದ್ದೆ. ಅರ್ಧ ಆಟದವರೆಗೆ 1–0 ಮುಂದೆ. ಮತ್ತೆ ಶುರುವಾದದ್ದೇ ಹತ್ತು ನಿಮಿಷದೊಳಗೆ ಸೌದಿಯವರು ಎರಡು ಹೊಡೆದರು. ಮೂಲೆಯ ಟೇಬಲಿನಲ್ಲಿ ನಮ್ಮ ಖಾಯಂ ಗಿರಾಕಿ, ಅಡಿಕೆ ವ್ಯಾಪಾರದವರು. ಅವರ ಎದುರು ಮಿಕ್ಸ್ಚರಿನ ಪ್ಲೇಟು, ನಾನೇ ಇಟ್ಟದ್ದು. ಎರಡನೆಯ ಗೋಲು ಬಿದ್ದು ಗಲಾಟೆ ತಣಿದ ಮೇಲೆ ನನ್ನ ಕಡೆ ತಿರುಗಿ, "ಬಾವ, ನನ್ನ ಮಿಕ್ಸ್ಚರ್ ಇನ್ನೂ ಬರಲಿಲ್ಲ" ಅಂದರು. ಪ್ಲೇಟು ಅವರ ಮೊಣಕೈಯ ಹತ್ತಿರವೇ ಖಾಲಿ ಇತ್ತು, ಮೀಸೆಯಲ್ಲಿ ಸೇವಿನ ಚೂರು. ಅವರು ತಮಾಷೆ ಮಾಡುತ್ತಿರಲಿಲ್ಲ. ಇನ್ನೊಂದು ಪ್ಲೇಟು ಕೊಟ್ಟೆ, ಅದನ್ನೂ ತಿಂದರು, ಬಿಲ್ಲು ಎರಡರದ್ದು ನೋಡಿ ಜಗಳಕ್ಕೆ ಬಂದರು.

ಫುಟ್‌ಬಾಲ್ ಮುಗಿಯಿತು. ಟಿವಿಯಲ್ಲಿ ವಾರ್ತೆ, ಧಾರಾವಾಹಿ, ಕ್ರಿಕೆಟ್ ನಡೆಯುತ್ತಾ ಹೋಯಿತು. ಒಂದು ಚಾಕ್ಕೆ ಮುಕ್ಕಾಲು ಗಂಟೆ ಕುರ್ಚಿ ಹಿಡಿಯುವವರು ಹೆಚ್ಚಾದರು. ಕೊನೆಗೆ ಊರಿನ ಯುವಕರ ಕ್ಲಬ್ಬಿಗೆ ಹನ್ನೊಂದೋ ಹನ್ನೆರಡೋ ಸಾವಿರಕ್ಕೆ ಕೊಟ್ಟೆ. ಗೋಡೆಯ ಟಿವಿ ಹೋದರೂ ಕಿಸೆಯ ಟಿವಿ ಹೋಗಬೇಕಲ್ಲ.

ಆಮೇಲೆ ಕೆಲವು ವಾರ ಗಲ್ಲೆಯಲ್ಲಿ ಕೂತು ಜನರ ಕೈಗಳನ್ನು ಮಾತ್ರ ನೋಡಿದೆ. ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಡಗೈಯಲ್ಲಿ ಮೊಬೈಲ್, ಹೆಬ್ಬೆರಳು ಮೇಲೆ ಮೇಲೆ ತಳ್ಳುತ್ತಿರುತ್ತದೆ. ಬಲಗೈ ತಿಂಡಿಗೆ. ಆದರೆ ಮೆಸೇಜು ಬಂದರೆ ಬಲಗೈಯೂ ಬೇಕು. ಆಗ ಎಣ್ಣೆ ತಾಗಿದ ಬೆರಳುಗಳನ್ನು ಮಡಚಿ ಕಿರುಬೆರಳಿನ ತುದಿಯಿಂದ ಸ್ಕ್ರೀನ್ ತಟ್ಟುತ್ತಾರೆ. ಒಮ್ಮೆ ಗಮನಿಸಿ ನೋಡಿ, ನಿಮ್ಮ ಹೋಟೆಲಿನಲ್ಲೂ ಹತ್ತರಲ್ಲಿ ನಾಲ್ಕು ಜನ ಹೀಗೇ ಮಾಡುತ್ತಿರುತ್ತಾರೆ. ಪಳಂಪೊರಿ ತಿಂದವನು ಹಾಗೆ ಒಂದೆರಡು ಸಲ ಮಾಡಿ ಬೇಸತ್ತು ಮರುದಿನ ಪ್ಯಾಕೆಟ್ ಕೇಳುತ್ತಾನೆ. ಚಟ್ಟಂಬಡೆಗೆ ಕೊಟ್ಟ ಸಾಂಬಾರು ಕೆನೆ ಕಟ್ಟಿ ಹಾಗೆಯೇ ವಾಪಸು ಬರುತ್ತದೆ, ಏಕೆಂದರೆ ಅದ್ದಲು ಕಣ್ಣು ಬೇಕು. ಉಸ್ಲಿಯೂ ಹಾಗೆಯೇ, ನೋಡದೆ ತಿಂದರೆ ಕಾಳು ಅಂಗಿಯ ಮೇಲೆ. ಪ್ಯಾಕೆಟಿಗೆ ಕಣ್ಣು ಬೇಡ, ಎರಡನೆಯ ಕೈ ಬೇಡ, ಚಟ್ನಿ ಬೇಡ. ರುಚಿಯಲ್ಲಿ ನಾನು ಸೋತಿರಲಿಲ್ಲ. ಮೊಬೈಲ್ ಹಿಡಿದ ಕೈಗೆ ಸುಲಭವಾದದ್ದೇ ಗೆಲ್ಲುತ್ತಿತ್ತು.

ಇಷ್ಟು ಗೊತ್ತಾದ ಮೇಲೆ ಮಾಡಿದ್ದೆಲ್ಲ ಕೂಡಲೇ ಸರಿಯಾಯಿತು ಎಂದೆಣಿಸಬೇಡಿ. ಮೊದಲಿಗೆ ಬೋರ್ಡು ಬರೆಸಿದೆ. ಕನ್ನಡದಲ್ಲಿ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ: ತಿಂಡಿ ತಿನ್ನುವಾಗ ಮೊಬೈಲ್ ಬೇಡ. ಮೂರು ಭಾಷೆಯವರೂ ಅದರ ಫೋಟೋ ತೆಗೆದು ಕಳಿಸಿಕೊಂಡರು, ಕೂತಲ್ಲೇ ಯಾರು ಏನು ಬರೆದರೆಂದು ನೋಡುತ್ತಾ ಪ್ಯಾಕೆಟ್ ತಿಂದರು. ಬೋರ್ಡಿಗೆ 900 ರೂಪಾಯಿ.

ಆಮೇಲೆ ಬುಟ್ಟಿ. ಮೊಬೈಲ್ ಗಲ್ಲೆಯ ಬುಟ್ಟಿಯಲ್ಲಿ ಇಟ್ಟರೆ ಬಿಲ್ಲಿನಲ್ಲಿ ಎರಡು ರೂಪಾಯಿ ಕಡಿಮೆ. ಗಲ್ಫಿನಿಂದ ರಜೆಗೆ ಬಂದ ಒಬ್ಬರು ಒಂದನ್ನು ಬುಟ್ಟಿಯಲ್ಲಿಟ್ಟು ಇನ್ನೊಂದನ್ನು ನೋಡುತ್ತಾ ಕೂತರು, ರಿಯಾಯಿತಿಯನ್ನೂ ಬಿಡಲಿಲ್ಲ. ಕಾಲೇಜು ಹುಡುಗರು ಅಪ್ಪನ ಹಳೆ ಫೋನು ತಂದು ಬುಟ್ಟಿಗೆ ಹಾಕಿದರು. ಒಂದು ದಿನ ಬುಟ್ಟಿಯಲ್ಲಿದ್ದ ಫೋನಿನ ಗಾಜು ಬಿರುಕು ಬಿಟ್ಟದ್ದು ನಮ್ಮಲ್ಲಿಯೇ ಎಂದು ಪಂಚಾಯ್ತಿಗೆ ಬಂತು. 1,800 ಕೊಟ್ಟು ಕೈತೊಳೆದೆ. ಬುಟ್ಟಿಯಲ್ಲಿ ಈಗ ನೀರುಳ್ಳಿ ಇಡುತ್ತೇನೆ.

ಹಣ್ಣಿನ ಕಪ್ಪನ್ನೂ ನೋಡಿದೆ. ಪಪ್ಪಾಯಿ, ಅನಾನಸು, ಕಲ್ಲಂಗಡಿ ತುಂಡು ಮಾಡಿ ಕಾಗದದ ಕಪ್ಪಿನಲ್ಲಿ ಕಡ್ಡಿ ಚುಚ್ಚಿ 25 ರೂಪಾಯಿ. ಲೆಕ್ಕದಂತೆ ಒಂದು ಕೈಯಲ್ಲಿ ತಿನ್ನಬಹುದಾದ್ದು, ಎಣ್ಣೆ ತಾಗದ್ದು, ಹೋಗಲೇಬೇಕಿತ್ತು. ಹೋಗಲಿಲ್ಲ. ಪಪ್ಪಾಯಿ ಮನೆಯ ತೋಟದಲ್ಲಿ ಕಾಗೆ ತಿನ್ನುವ ಹಣ್ಣು, ಅದಕ್ಕೆ 25 ಕೊಡಲು ಇಲ್ಲಿ ಯಾರಿಗೂ ಮನಸ್ಸು ಬಾರದು. ಆರು ಗಂಟೆಗೆ ನೀರು ಬಿಟ್ಟುಕೊಂಡು ಕೂತಿರುತ್ತಿತ್ತು. ನಾಲ್ಕೈದು ಸಾವಿರ ಅದರಲ್ಲಿ ಹೋಯಿತು.

ಉಸ್ಲಿಯನ್ನೇ ಕಪ್ಪಿಗೆ ಹಾಕಿ ಚಮಚ ಕೊಟ್ಟಾಗ ಸ್ವಲ್ಪ ಆಸೆ ಮೂಡಿತು. ಮಂಡಕ್ಕಿಯಂತೆ ಕೂಡಲೇ ಕೈಗೆ ಸಿಗುತ್ತದೆ, ಚೆಲ್ಲುವುದಿಲ್ಲ. ಆದರೆ ಹೊಸ ದೂರು ಶುರುವಾಯಿತು: "ಉಪ್ಪು ಸಾಲದು." ಅದೇ ಪಾತ್ರೆಯ ಉಸ್ಲಿ, ಹರಟೆ ಹೊಡೆಯುತ್ತಾ ತಿನ್ನುವ ಆಟೋದವರು ಒಂದು ಮಾತೂ ಹೇಳಲಿಲ್ಲ. ಉಪ್ಪು ಸಾಲದೆಂದವರು ಹೆಚ್ಚಾಗಿ ಕಿವಿಗೆ ಸಿಕ್ಕಿಸಿಕೊಂಡು ವಿಡಿಯೋ ನೋಡುವವರು. ಬೇಕೆಂದೇ ಒಬ್ಬನ ಹತ್ತಿರ ಕೂತು ಮಾತಿಗೆಳೆದು ಉಳಿದರ್ಧ ತಿನ್ನಿಸಿದೆ. ಅದರ ಉಪ್ಪು ಅವನಿಗೆ ಸರಿಯಿತ್ತು. ಮಗಳು ಮಂಗಳೂರಿನಲ್ಲಿ ಆಹಾರ ವಿಜ್ಞಾನ ಓದುತ್ತಾಳೆ. ಅವಳಿಗೆ ಇದನ್ನು ಹೇಳಿದರೆ ನಗಲಿಲ್ಲ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ನೋಡಿದ್ದಾರಂತೆ, 2013ರಲ್ಲಿ ಪ್ರಕಟವಾದದ್ದು: ತಲೆಯಲ್ಲಿ ಉದ್ದದ ಸಂಖ್ಯೆಯೊಂದನ್ನು ನೆನಪಿಟ್ಟುಕೊಳ್ಳುತ್ತಾ ತಿಂದವರಿಗೆ ಸಿಹಿ, ಹುಳಿ, ಉಪ್ಪು ಎಲ್ಲವೂ ಸಪ್ಪೆಯಾಗಿ ತೋರಿತು. ತಲೆ ಬೇರೆಲ್ಲೋ ಇದ್ದರೆ ನಾಲಗೆಗೆ ಪಾಲು ಕಡಿಮೆ. ಪ್ಯಾಕೆಟಿನವರು ಉಪ್ಪು, ಹುಳಿಪುಡಿ ಅಷ್ಟು ಸುರಿಯುವುದು ಯಾಕೆ ಹಿಡಿಸುತ್ತದೆಂದು ನನಗೆ ಅಲ್ಲಿಗೆ ಹೊಳೆಯಿತು. ಅವರ ಎದುರು ಉಪ್ಪಿನಲ್ಲಿ ಪಂದ್ಯ ಕಟ್ಟಲು ನಾನು ತಯಾರಿರಲಿಲ್ಲ.

ಮಿಕ್ಸ್ಚರ್ ಪ್ಲೇಟಿನ ಕಥೆಗೂ ಅವಳ ಹತ್ತಿರ ಉತ್ತರ ಇತ್ತು. ಅಮೆರಿಕದಲ್ಲಿ ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಈಗಷ್ಟೇ ನಡೆದದ್ದೂ ನೆನಪಿನಲ್ಲಿ ಉಳಿಯದ ಇಬ್ಬರು ರೋಗಿಗಳಿಗೆ ಊಟ ಮುಗಿದು ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಊಟ ಬಡಿಸಿದರಂತೆ, 1998ರಲ್ಲಿ ಪ್ರಕಟವಾದ ಕೆಲಸ. ಅವರು ಅದನ್ನೂ ಉಂಡರು. ಹೊಟ್ಟೆ ತುಂಬಿತೆಂದು ಹೇಳುವುದರಲ್ಲಿ ಹೊಟ್ಟೆಯಷ್ಟೇ ಕೆಲಸ ನೆನಪಿನದ್ದೂ ಉಂಟು ಎಂದು ಅದರ ಅರ್ಥ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2011ರಲ್ಲಿ ಮಾಡಿದ್ದು ಇನ್ನೂ ನಮಗೆ ಹತ್ತಿರದ್ದು: ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾ ಊಟ ಮಾಡಿದವರಿಗೆ ಯಾವುದರ ಮೇಲೆ ಯಾವುದನ್ನು ತಿಂದೆವೆಂದು ಸರಿಯಾಗಿ ನೆನಪಾಗಲಿಲ್ಲ, ಅರ್ಧ ಗಂಟೆ ಬಿಟ್ಟು ಬಿಸ್ಕೆಟ್ ಇಟ್ಟರೆ ಬರೀ ಊಟ ಮಾಡಿದವರಿಗಿಂತ ಹೆಚ್ಚು ತಿಂದರು. ನಮ್ಮ ಅಡಿಕೆ ವ್ಯಾಪಾರದವರ ತಲೆ ಸರಿಯೇ ಇದೆ; ಅವತ್ತು ಅರ್ಜೆಂಟೀನಾ ಅವರ ನೆನಪನ್ನು ಒಯ್ದಿತ್ತು, ಅಷ್ಟೇ.

ದಾರಿ ತೋರಿಸಿದ್ದು ಮಾತ್ರ ಇದಾವುದೂ ಅಲ್ಲ, ಬಯಲಾಟ. ದೇವಸ್ಥಾನದ ಗದ್ದೆಯಲ್ಲಿ ಆಟ ನೋಡಲು ಹೋಗಿದ್ದೆ. ಎದುರಿನ ಸಾಲಿನ ಹುಡುಗನೊಬ್ಬ ಚೆಂಡೆ ಬೀಳುತ್ತಿದ್ದರೂ ತಲೆ ತಗ್ಗಿಸಿ ಮೊಬೈಲಿನಲ್ಲೇ ಇದ್ದ. ಅವನ ಅಕ್ಕನೋ ಚಿಕ್ಕಮ್ಮನೋ ಬಿಸಿ ನೆಲಗಡಲೆಯ ಪೊಟ್ಟಣ ಕೈಗಿಟ್ಟರು. ಒಂದನ್ನು ಒಂದೇ ಕೈಯಲ್ಲಿ ಒಡೆಯಲು ನೋಡಿದ, ಹಲ್ಲಿನಿಂದ ನೋಡಿದ, ಉಪ್ಪುನೀರು ಮೊಬೈಲಿನ ಮೇಲೆ ಚಿಮ್ಮಿತು. ಅಂಗಿಯಲ್ಲಿ ಒರೆಸಿ ಕಿಸೆಗೆ ಹಾಕಿದ. ಅಲ್ಲಿಂದ ಪೊಟ್ಟಣ ಮುಗಿಯುವವರೆಗೆ ಆಟ ನೋಡಿದ. ರಂಗಸ್ಥಳವನ್ನು ಯಾರೂ ಕೈಯಲ್ಲಿ ಹಿಡಿಯಬೇಕಾಗಿಲ್ಲ, ಗೋಡೆಯ ಟಿವಿಯನ್ನೂ ಬೇಡ. ಅವು ಎದುರಿಗಿದ್ದರೆ ಮನುಷ್ಯ ಎಷ್ಟು ತಿಂದನೆಂಬುದು ತಪ್ಪುತ್ತದೆ. ಕೈಯಲ್ಲಿ ಹಿಡಿಯುವ ಮೊಬೈಲ್ ಎಂತ ತಿನ್ನುವುದೆಂಬುದನ್ನೇ ಬದಲಿಸುತ್ತದೆ. ನಾನು ಅಲ್ಲಿಯವರೆಗೆ ಒಂದು ಕೈಯ ತಿಂಡಿಯಲ್ಲಿ ಪ್ಯಾಕೆಟನ್ನು ಸೋಲಿಸಲು ನೋಡುತ್ತಿದ್ದೆ. ಎರಡೂ ಕೈಯನ್ನು ಕೇಳುವ ತಿಂಡಿ ಇಟ್ಟರೆ ಮೊಬೈಲನ್ನು ಅವನೇ ಕೆಳಗಿಡುತ್ತಾನೆ, ಬೋರ್ಡೂ ಬೇಡ, ಬುಟ್ಟಿಯೂ ಬೇಡ.

ಮನೆಯಲ್ಲಿ ಹೇಳಿದಾಗ ಹೆಂಡತಿ, "ನೀವು ಊಟಕ್ಕೆ ಕೂತು ವಾಟ್ಸಾಪ್ ನೋಡುವುದು ನಿಲ್ಲಲಿಕ್ಕೆ ನಾನೂ ಸಿಪ್ಪೆ ಸಮೇತ ಅನ್ನ ಮಾಡಬೇಕಾ?" ಅಂದಳು.

ಪೇಟೆಯ ಹೋಟೆಲಿನವರು ಒಟ್ಟಾಗಿ ಹೇಳಿದ್ದು ಮೂರು: ಸಿಪ್ಪೆಯಿಂದ ಜಾಗ ಗಲೀಜಾಗುತ್ತದೆ, ಕುರ್ಚಿ ಖಾಲಿಯಾಗುವುದಿಲ್ಲ, ಮಳೆಗಾಲದಲ್ಲಿ ಹಳಸುತ್ತದೆ. ಮೂರರಲ್ಲಿ ಮೊದಲನೆಯದಕ್ಕೆ ಉತ್ತರ ಸಿಕ್ಕಿತು, ಎರಡನೆಯದು ಅವರು ಹೇಳಿದಂತೆಯೇ ಆಯಿತು, ಮೂರನೆಯದು ನನ್ನನ್ನು ಚೆನ್ನಾಗಿ ಹಿಂಡಿತು.

ಹಳಸುವ ವಿಷಯವೇ ಮೊದಲು. ಹಸಿ ಕಾಯಿ ಇಲ್ಲಿ ವರ್ಷವಿಡೀ ಸಿಗುವುದಿಲ್ಲ. ಒಣಗಿದ ಕಾಯಿಯನ್ನೇ ನೆನೆಹಾಕಿ ಬೇಯಿಸಬೇಕು. ಚಳ್ಳಕೆರೆ ಕಡೆಯ ಮಾಲು ಮಂಗಳೂರಿನ ಬಂದರು ಪೇಟೆಯಿಂದ ತರಿಸುತ್ತೇನೆ, ಬಸ್ಸಿನ ಮೇಲೆ ಹಾಕಿಸಿದರೆ ಕಿಲೋಗೆ ನೂರರ ಆಸುಪಾಸು ಬೀಳುತ್ತದೆ. ಮೊದಮೊದಲು ಮಧ್ಯಾಹ್ನ ಎರಡಕ್ಕೇ ಬೇಯಿಸಿ ಇಟ್ಟೆ. ಐದಕ್ಕೆ ಮುಚ್ಚಳ ತೆಗೆದರೆ ಲೋಳೆ, ಏಳಕ್ಕೆ ವಾಸನೆ. ಆಷಾಢದಲ್ಲಿ ಒಂದೊಂದು ದಿನ ನಾಲ್ಕು ಕಿಲೋ ಹಿತ್ತಿಲಿನ ತೆಂಗಿನ ಬುಡಕ್ಕೆ ಹೋಯಿತು. ಆ ಮಳೆಗಾಲದಲ್ಲಿ ಬಹುಶಃ ಏಳು ಸಾವಿರ ನೀರುಪಾಲು. ನೀರು ಬಸಿದರೆ ಒಣಗಿ ಸಿಪ್ಪೆ ಕಪ್ಪಾಗುತ್ತದೆ, ಬಸಿಯದಿದ್ದರೆ ಹಳಸುತ್ತದೆ. ಕೊನೆಗೆ ಸಮೋವರ್ ಕೈಹಿಡಿಯಿತು. ಚಾದ ಸಮೋವರಿನ ಬಾಯಿಗೆ ಸರಿಯಾಗಿ ತಳಕ್ಕೆ ತೂತು ಹೊಡೆಸಿದ ಅಲ್ಯುಮಿನಿಯಂ ಪಾತ್ರೆ ಕೂರಿಸಿದೆ. ನೀರು ಹೇಗೂ ದಿನವಿಡೀ ಕುದಿಯುತ್ತಿರುತ್ತದೆ, ಹಬೆ ಕೆಳಗಿನಿಂದ ಬರುತ್ತದೆ, ಕಾಯಿ ಬಿಸಿಯಾಗಿಯೇ ಇರುತ್ತದೆ. ಹೊಸ ಗ್ಯಾಸು ಖರ್ಚಿಲ್ಲ. ಪಾತ್ರೆಗೆ ತೂತು ಹೊಡೆದವನು 150 ತಕ್ಕೊಂಡ. ಎರಡೆರಡು ಕಿಲೋದಂತೆ ಮೂರು ಸಲ ಬೇಯಿಸುತ್ತೇನೆ: ಮೂರೂವರೆ, ಐದು, ಆರೂಕಾಲು. ನೆನೆಹಾಕುವ ನೀರಿಗೆ ಉಪ್ಪು, ಅರಸಿನ ಎಲ್ಲರೂ ಹಾಕುತ್ತಾರೆ. ನಾನು ಇನ್ನೆರಡು ವಸ್ತು ಹಾಕುತ್ತೇನೆ. ಒಂದು ನಮ್ಮ ಹಿತ್ತಿಲಿನಲ್ಲೇ ಇರುವ ಎಲೆ. ಇನ್ನೊಂದನ್ನು ಇಲ್ಲಿ ಬರೆಯುವುದಿಲ್ಲ, ಹುಡುಗನನ್ನು ಕಳಿಸಿದವರಿಗೂ ಹೇಳಿಲ್ಲ.

ಬೆಂದ ಮೇಲೆ ಒಂದು ಕಿಲೋ ಒಂದೂವರೆಗಿಂತ ಸ್ವಲ್ಪ ಮೇಲಾಗುತ್ತದೆ. 120 ಗ್ರಾಮಿನ ಅಂದಾಜಿನಲ್ಲಿ ಪೊಟ್ಟಣ, 20 ರೂಪಾಯಿ. ಹನ್ನೆರಡು ಹದಿಮೂರು ಪೊಟ್ಟಣ ಬರುತ್ತದೆ, ಅಂದರೆ 250. ಕಾಯಿ, ಉಪ್ಪು, ಕಾಗದ ಎಲ್ಲ ಕಳೆದರೆ ಕಿಲೋಗೆ 120–130 ಉಳಿಯುತ್ತದೆ, ಆರು ಕಿಲೋಗೆ ಏಳುನೂರರ ಮೇಲೆ. ಪ್ಯಾಕೆಟ್ ಮಾಲೆ ಪೂರ್ತಿ ಬರಿದಾದರೂ ನೂರು ಬಾರದ ಕಡೆ ಇದು. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಕಿಲೋಗೆ 400 ದಾಟಿದಾಗ ಕರಿದ ತಿಂಡಿಯವರು ಒಬ್ಬೊಬ್ಬರಾಗಿ ಪಾಮ್ ಎಣ್ಣೆಗೆ ತಿರುಗಿದರು, ಕೆಲವರು ನಿನ್ನೆಯ ಎಣ್ಣೆಯನ್ನೇ ಮೂರನೆಯ ದಿನಕ್ಕೂ ಎಳೆದರು. ಆಹಾರ ಸುರಕ್ಷತೆಯವರ ನಿಯಮದಲ್ಲಿ ಎಣ್ಣೆ ಮತ್ತೆ ಮತ್ತೆ ಕಾದು ಹುಟ್ಟುವ ಪೋಲಾರ್ ಅಂಶ ಶೇಕಡಾ 25 ದಾಟಬಾರದೆಂದು ಉಂಟು, 2018ರಿಂದ. ಅದನ್ನು ಅಳೆಯುವ ಯಂತ್ರದ ಬೆಲೆ ಕೇಳಿ ಸುಮ್ಮನಾದವರಲ್ಲಿ ನಾನೂ ಒಬ್ಬ. ನನ್ನ ಬಾಣಲೆಯ ಕೆಲಸ ಅರ್ಧಕ್ಕೆ ಇಳಿದಿದ್ದರಿಂದ ಆ ವರ್ಷ ಎಣ್ಣೆ ಎಳೆಯಬೇಕಾಗಿ ಬರಲಿಲ್ಲ. ಪೊಟ್ಟಣಕ್ಕೆ ಹಳೆ ಪೇಪರು ಬೇಡ, ಶಾಯಿ ತಿಂಡಿಗೆ ಹಿಡಿಯುತ್ತದೆ, ನಿಯಮದಲ್ಲೂ ಕೂಡದು. ಅಚ್ಚು ಇಲ್ಲದ ಕಂದು ಕಾಗದ ನೂರು ತುಂಡಿಗೆ ನಲವತ್ತೋ ಐವತ್ತೋ.

ಇನ್ನು ಮೊಬೈಲ್. ಮುಕ್ಕಾಲು ಪಾಲು ಜನ ಪೊಟ್ಟಣ ಬಿಚ್ಚಿದ ಕೂಡಲೇ ಫೋನು ಟೇಬಲಿನ ಮೇಲೆ ಮಗುಚಿ ಇಡುತ್ತಾರೆ. ಉಳಿದವರು ನನಗಿಂತ ಜಾಣರು. ನೀರಿನ ಜಗ್ಗಿಗೆ ಮೊಬೈಲ್ ಒರಗಿಸಿ ಸಿನೆಮಾ ಹಾಕಿ, ಎರಡು ಕೈಯಲ್ಲಿ ಸುಲಿಯುತ್ತಾ ಕೂತರು! ಟೇಬಲಿನ ಜಗ್ಗು ತೆಗೆಸಿದೆ, ನೀರನ್ನು ಹುಡುಗ ತಂದು ಲೋಟಕ್ಕೆ ಹೊಯ್ಯುತ್ತಾನೆ. ಟಿಶ್ಯೂ ಪೆಟ್ಟಿಗೆಗೆ ಒರಗಿಸಿದರು. ಅದನ್ನು ಗೋಡೆಗೆ ಹೊಡೆದೆ. ಈಗ ಟೇಬಲಿನ ಮೇಲೆ ಸಿಪ್ಪೆ ಹಾಕುವ ಚಪ್ಪಟೆ ತಟ್ಟೆ ಬಿಟ್ಟರೆ ಏನೂ ಇಲ್ಲ. ಆದರೂ ಒಬ್ಬ ಒಂದು ಫೋನಿಗೆ ಇನ್ನೊಂದನ್ನು ಒರಗಿಸುತ್ತಾನೆ; ಅವನನ್ನು ಅವನ ಪಾಡಿಗೆ ಬಿಟ್ಟಿದ್ದೇನೆ. ಅವನೂ ಮೊದಲಿನಂತೆ ಎರಡು ನಿಮಿಷಕ್ಕೆ ಪ್ಯಾಕೆಟ್ ಮುಗಿಸುವುದಿಲ್ಲ, ಒಂದೊಂದೇ ಕಾಯಿ ಒಡೆಯಬೇಕಲ್ಲ. ಹರಟೆ ಹೆಚ್ಚಿದ್ದರಿಂದ ಕುರ್ಚಿ ಮಾತ್ರ ಮೊದಲಿನಷ್ಟೇ ಹೊತ್ತು ತುಂಬಿರುತ್ತದೆ. ಮುಂಚೆ ಒಂದು ಚಾಕ್ಕೆ ಕೂರುತ್ತಿದ್ದವರು ಈಗ ಒಂದು ಚಾ, ಒಂದು ಪೊಟ್ಟಣ, ಮೇಲೊಂದು ಹಾಲಿಲ್ಲದ ಕಟ್ಟಂಚಾಯಕ್ಕೆ ಕೂರುತ್ತಾರೆ. ನನಗೆ ಅಷ್ಟು ಸಾಕು.

ಸಿಪ್ಪೆಯಲ್ಲಿ ಒಂದು ಪರೀಕ್ಷೆ ಮಾಡಿದೆ. ನಮ್ಮಲ್ಲಿರುವ ಬಂಗಾಳದ ಹುಡುಗ ಚುರುಕು, ಸಿಪ್ಪೆ ಬಿದ್ದ ಹಾಗೇ ತಟ್ಟೆ ಬದಲಿಸುತ್ತಿದ್ದ. ಕೆಲವು ದಿನ ಬಲಬದಿಯ ಟೇಬಲುಗಳಲ್ಲಿ ತೆಗೆಯಬೇಡ ಎಂದೆ. ಸಿಪ್ಪೆ ತೆಗೆದ ಎಡಬದಿಯಲ್ಲಿ ಎರಡನೆಯ ಪೊಟ್ಟಣ ಕೇಳುವವರು ಕಂಡು ಹಿಡಿಯುವಷ್ಟು ಹೆಚ್ಚು. ಗುಡ್ಡೆ ಎದುರಿಗಿದ್ದವರು ಅದನ್ನೊಮ್ಮೆ ನೋಡಿ ಸಾಕೆನ್ನುತ್ತಾರೆ. ಅಮೆರಿಕದ ಈಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯದವರು ಪಿಸ್ತಾದಲ್ಲಿ ಇದನ್ನೇ ನೋಡಿದ್ದಾರೆಂದು ಮಗಳು ಹೇಳಿದಳು: ಸಿಪ್ಪೆ ಸಮೇತ ಕೊಟ್ಟರೆ ಕಡಿಮೆ ತಿನ್ನುತ್ತಾರೆ, ತೆಗೆದ ಸಿಪ್ಪೆ ಎದುರಿಗೇ ಬಿಟ್ಟರೆ ಇನ್ನೂ ಕಡಿಮೆ. ಅಂದರೆ ವ್ಯಾಪಾರ ಸಿಪ್ಪೆ ಎತ್ತುವವನ ಕೈಯಲ್ಲಿದೆ. ದೊಡ್ಡವರ ಟೇಬಲಿನಲ್ಲಿ ಎತ್ತಿಸುತ್ತೇನೆ. ಶಾಲೆ ಬಿಟ್ಟು ಬರುವ ಮಕ್ಕಳ ಟೇಬಲಿನಲ್ಲಿ ಅವರು ಏಳುವವರೆಗೆ ಮುಟ್ಟಬೇಡ ಎಂದಿದ್ದೇನೆ. ಮಕ್ಕಳ ರಾತ್ರಿ ಊಟ ಕೆಡಿಸಿ ಅವರ ಅಮ್ಮಂದಿರ ಹತ್ತಿರ ಹೇಳಿಸಿಕೊಳ್ಳುವುದು ಈ ಪೇಟೆಯಲ್ಲಿ ಯಾವ ಹೋಟೆಲಿನವನಿಗೂ ಲಾಭದ್ದಲ್ಲ.

ಪ್ಯಾಕೆಟ್ ಮಾಲೆ ಪೂರ್ತಿ ತೆಗೆದಿಲ್ಲ, ಗಲ್ಲೆಯ ಹಿಂದಕ್ಕೆ ಸರಿಸಿದ್ದೇನೆ. ಕೇಳಿದರೆ ಕೊಡುತ್ತೇನೆ, ಆದರೆ ಹರಿದು ಪ್ಲೇಟಿಗೆ ಸುರಿದೇ ಕೊಡುತ್ತೇನೆ. ಪ್ಯಾಕೆಟಿನೊಳಗೆ ಕೈ ಹಾಕಿದವನಿಗೆ ತಳ ಸಿಗುವವರೆಗೆ ಲೆಕ್ಕ ಇಲ್ಲ. ಪ್ಲೇಟಿನಲ್ಲಿ ಹತ್ತು ರೂಪಾಯಿಗೆ ಎಷ್ಟು ಬಂತೆಂದು ಕಣ್ಣಿಗೆ ಕಾಣುತ್ತದೆ. "ಇಷ್ಟೇಯಾ ಇರುವುದು?" ಎಂದು ಕೇಳಿದವರು ಹಲವರು. ಅದು ನನಗೆ ಖರ್ಚಿಲ್ಲದ ಜಾಹೀರಾತು. ಈಗ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಪ್ಯಾಕೆಟ್ ಹೋದರೆ ಹೆಚ್ಚು.

ನೆಲಗಡಲೆ ಒಂದರಲ್ಲೇ ನಿಂತರೆ ಬೇಸರ ಬರುತ್ತದೆ. ಬೇಯಿಸಿದ ಗೆಣಸನ್ನು ಸಿಪ್ಪೆ ಸಮೇತ ಇಟ್ಟು ನೋಡಿದೆ, ಹೆಂಗಸರು ಕೇಳಿದರು, ಹುಡುಗರು ಮುಟ್ಟಲಿಲ್ಲ. ಮರಗೆಣಸಿಗೆ ಕಾಂದಾರಿ ಮೆಣಸಿನ ಚಟ್ನಿ ಬೇಕು, ಮತ್ತೆ ಅದ್ದುವ ತೊಂದರೆ. ನಮ್ಮದು ಸಸ್ಯಾಹಾರಿ, ಇಲ್ಲವಾದರೆ ಕಾಡೆ (ಕ್ವೇಲ್) ಹಕ್ಕಿಯ ಮೊಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು. ಮಾಂಸಾಹಾರಿ ಹೋಟೆಲಿನವರು ಸುಲಿದು ಕೊಡುವುದನ್ನು ನಿಲ್ಲಿಸಿ ಚಿಪ್ಪು ಸಮೇತ ಕೊಟ್ಟು ನೋಡಬಹುದು. ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರು ಕಂಡುಹಿಡಿದ ತೆಂಗಿನಕಾಯಿ ಚಿಪ್ಸನ್ನು ಕಾಸರಗೋಡಿನಿಂದ ತಂದು ಇಟ್ಟಿದ್ದೆ. ರುಚಿ ಚೆನ್ನಾಗಿದೆ, ಕರಿದದ್ದೂ ಅಲ್ಲ, ಆದರೆ ಒಂದು ಕೈಯ ತಿಂಡಿ, ಬೆಲೆಯೂ ಹೆಚ್ಚು. ಗಲ್ಫಿಗೆ ಹೋಗುವವರು ಕಟ್ಟಿಸಿಕೊಂಡು ಹೋಗುತ್ತಾರೆ, ಕೂತು ತಿನ್ನುವವರಿಲ್ಲ.

ಗೆದ್ದದ್ದು ಸಾಂತಾಣಿ. ಉಪ್ಪುನೀರಿನಲ್ಲಿ ಬೇಯಿಸಿ ಬಿಸಿಲಲ್ಲಿ ಒಣಗಿಸಿದ ಹಲಸಿನ ಬೀಜ ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮಳೆಗಾಲದ ಬಾಯಿಚಪಲಕ್ಕೆ ಅಟ್ಟದಲ್ಲಿರುತ್ತಿತ್ತು. ಮನೆಯಲ್ಲಿ ಧಾರಾವಾಹಿ ಹೊತ್ತಿಗೆ ಹಲಸಿನ ಸೋಂಟೆಯ (ಚಿಪ್ಸ್) ಡಬ್ಬಿ ಎದುರಿಗಿದ್ದರೆ ಒಂದು ವಾರಕ್ಕೆ ಖಾಲಿ. ಬದಲಿಗೆ ಸಾಂತಾಣಿ ಇಟ್ಟು ನೋಡಿದೆವು, ತಿಂಗಳು ದಾಟಿತು. ಗಟ್ಟಿ ಹೊರಸಿಪ್ಪೆ ಬಿಡಿಸಬೇಕು, ಬಾಯಿಯಲ್ಲಿ ಹೊರಳಿಸಿ ಮೆತ್ತಗಾಗಿಸಬೇಕು, ಅವಸರಕ್ಕೆ ಆಗುವುದಿಲ್ಲ. ಹೋಟೆಲಿನಲ್ಲಿ ಹತ್ತು ಬೀಜಕ್ಕೆ 15 ರೂಪಾಯಿ ಇಟ್ಟೆ. ಕಳೆದ ಮಳೆಗಾಲದಲ್ಲಿ ನಾನು ಮಾಡಿದ್ದು ಮೂವತ್ತು ಕಿಲೋ ಇರಬಹುದು, ಆಗಸ್ಟ್ ಮುಗಿಯುವ ಮೊದಲೇ ತೀರಿತು. ಹಳೆಯವರಿಗಿಂತ ಹೆಚ್ಚು ತಿಂದವರು ಕಾಲೇಜಿನ ಹುಡುಗಿಯರು, ಅದರ ವಿಡಿಯೋ ಮಾಡಿ ಹಾಕಿದವರೂ ಅವರೇ. ತಿನ್ನುವಾಗ ಮೊಬೈಲ್ ಬಿಡಿಸಿದೆ ಎಂದುಕೊಂಡರೆ ತಿನ್ನುವುದನ್ನೇ ಮೊಬೈಲಿಗೆ ಹಾಕಿದರು. ಗಿರಾಕಿ ಬಂದರು, ಬೇಡ ಅನ್ನಲಿಲ್ಲ.

ಈ ಸಲ ಎರಡು ಕ್ವಿಂಟಾಲ್ ಬೀಜದ ಯೋಚನೆ ಉಂಟು. ಹಲಸು ಕೊಳೆಯಲು ಬಿಡುವ ತೋಟದವರಿಗೆ ಕಿಲೋಗೆ ಹತ್ತು ರೂಪಾಯಿಯಂತೆ ಕೊಡುತ್ತೇನೆ, ತೊಳೆದು ನೆರಳಲ್ಲಿ ಆರಿಸಿ ತಂದರೆ ಹದಿನೈದು. ಮೇ ತಿಂಗಳ ಬಿಸಿಲಿನಲ್ಲೇ ಒಣಗಿಸಿ ಮುಗಿಸಬೇಕು. ಜೂನಿನ ಮೊದಲ ಮಳೆಗೆ ಸಿಕ್ಕಿದ ಬೀಜಕ್ಕೆ ಬೂಸಲು ಬರುತ್ತದೆ, ಆಮೇಲೆ ಹೊಗೆ ಅಟ್ಟವೂ ಉಳಿಸುವುದಿಲ್ಲ. ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿಸಿ, ಕೊಡುವ ಮೊದಲು ಸಮೋವರಿನ ಪಾತ್ರೆಯಲ್ಲಿ ಕಾಲು ಗಂಟೆ ಹಬೆ ಕೊಟ್ಟರೆ ಹಲ್ಲಿಲ್ಲದವರೂ ಕೇಳುತ್ತಾರೆ.